ಬಿಸಿಲು ಇಳಿದ ಮೇಲಿನ ನಾಲ್ಕು ತಾಸು: ಕಲಬುರಗಿಯ ಓಣಿಯಲ್ಲಿ ಬೇಸಿಗೆಯ ಹಾಡು, ಆಟ, ಊಟದ ಸಂಜೆ ನಡೆಸುವ ಬಗೆ

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಹಗಲೆಲ್ಲ ಬಿಸಿಲಿನ ಪಾಲು. ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಆಗುವುದಿಲ್ಲ. 42, 43 ಮುಟ್ಟಿದಾಗ ಮಾತ್ರ ಜನ ಅದರ ಮಾತೆತ್ತುತ್ತಾರೆ. ಹನ್ನೊಂದು ಗಂಟೆಯ ನಂತರ ಓಣಿ ಬಿಕೋ ಎನ್ನುತ್ತದೆ. ಮಕ್ಕಳಿಗೆ ರಜೆ ಇದ್ದರೂ ಹೊರಗೆ ಬಿಡುವಂತಿಲ್ಲ. ಸಂಜೆಯಾದರೆ ದೊಡ್ಡವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಎದುರು ಮನೆಯವರನ್ನು ಕಂಡು ತಲೆಯಾಡಿಸುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅಷ್ಟು ಜನ ಒಂದೇ ಹೊತ್ತಿನಲ್ಲಿ ಹೊರಗೆ ಕೂರುವ ಊರಿನಲ್ಲಿ ಒಂದು ಸಂಜೆಯನ್ನು ಎಲ್ಲರೂ ಸೇರಿ ಕಳೆಯುವುದು ಕಷ್ಟವೇನಲ್ಲ. ಯಾರಾದರೂ ಮುಂದೆ ನಿಂತು ವ್ಯವಸ್ಥೆ ಮಾಡಬೇಕು, ಅಷ್ಟೇ.

ವ್ಯವಸ್ಥೆಯ ಗಡಿಗಳು ಮೊದಲೇ ಗೊತ್ತಾಗಿವೆ. ಆರು ಗಂಟೆಯ ಮೊದಲು ಬಿಸಿಲು ಬಿಡುವುದಿಲ್ಲ. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ಕಾನೂನು ಬಿಡುವುದಿಲ್ಲ. ನಡುವೆ ಸಿಗುವುದು ನಾಲ್ಕು ತಾಸು. ಈ ನಾಲ್ಕು ತಾಸಿನೊಳಗೆ ಭಾಷಣ, ಸನ್ಮಾನ, ಬಾಡಿಗೆ ಆರ್ಕೆಸ್ಟ್ರಾ ತುರುಕಿದರೆ ಓಣಿಯವರೇ ಪ್ರೇಕ್ಷಕರಾಗಿಬಿಡುತ್ತಾರೆ. ನನ್ನ ಮಟ್ಟಿಗೆ ಇಂಥ ಸಂಜೆ ಗೆದ್ದಿತೋ ಇಲ್ಲವೋ ಎಂದು ಹೇಳುವ ಅಳತೆ ಒಂದೇ: ಬಂದವರಲ್ಲಿ ಎಷ್ಟು ಜನ ಏನನ್ನಾದರೂ ಮಾಡಿದರು, ಎಷ್ಟು ಜನ ಕುರ್ಚಿಯಲ್ಲಿ ಕೂತು ನೋಡಿದರು. ಕೆಳಗಿನ ಪ್ರತಿ ಹಂತವನ್ನೂ ಈ ಲೆಕ್ಕದಲ್ಲೇ ಬರೆದಿದ್ದೇನೆ. ಸುಮಾರು 60 ಮನೆ, 300 ಜನರ ಓಣಿ ಎಂದಿಟ್ಟುಕೊಂಡು ಪ್ರಮಾಣ ಕೊಟ್ಟಿದ್ದೇನೆ. ನಿಮ್ಮ ಓಣಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ದಿನ ಗೊತ್ತುಮಾಡುವುದು

ಶನಿವಾರದ ಸಂಜೆ ಒಳ್ಳೆಯದು. ಮರುದಿನ ಸ್ವಚ್ಛತೆಗೆ ಕೈಗಳು ಸಿಗುತ್ತವೆ. ಹುಣ್ಣಿಮೆಯ ಹತ್ತಿರದ ಶನಿವಾರ ಸಿಕ್ಕರೆ ಇನ್ನೂ ಒಳ್ಳೆಯದು. ದವನದ ಹುಣ್ಣಿಮೆಯಾಗಲಿ, ಆಗಿ ಹುಣ್ಣಿಮೆಯಾಗಲಿ, ಬೆಳದಿಂಗಳಿದ್ದರೆ ದೀಪದ ಖರ್ಚೂ ಸೆಕೆಯೂ ಕಡಿಮೆ. ಶಾಲೆಗೆ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಇರುತ್ತದೆ. ಅದರೊಳಗೆ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಬಸವ ಜಯಂತಿ, ಬುದ್ಧ ಪೂರ್ಣಿಮೆಯ ಕಾರ್ಯಕ್ರಮಗಳು ಎಲ್ಲಿ ಬರುತ್ತವೆ ನೋಡಿ. ಅದೇ ದಿನ ಇಟ್ಟರೆ ಅರ್ಧ ಓಣಿ ಮೆರವಣಿಗೆಯಲ್ಲಿರುತ್ತದೆ. ಪಂಚಾಂಗದಲ್ಲಿ ದಟ್ಟ ಲಗ್ನದ ಮುಹೂರ್ತ ಇರುವ ವಾರವನ್ನೂ ಬಿಡಿ. ಅಂದು ಪೆಂಡಾಲಿನವರು ಸಿಗುವುದಿಲ್ಲ, ಅಡುಗೆಯವರು ಸಿಗುವುದಿಲ್ಲ, ಪಾತ್ರೆಯ ಬಾಡಿಗೆಯೂ ಏರಿರುತ್ತದೆ.

ತಯಾರಿಗೆ ಐದು ವಾರ ಬೇಕು. ಮೊದಲ ಸಭೆಯನ್ನು ಯಾರದೋ ಮನೆಯ ಹಾಲ್‌ನಲ್ಲಿ ಕರೆಯಬೇಡಿ. ಓಣಿಯ ಮಧ್ಯದಲ್ಲಿ, ಬೇವಿನ ಗಿಡದ ಕೆಳಗೆ ಜಮಖಾನ ಹಾಸಿ ಕರೆಯಿರಿ. ಬಾಡಿಗೆ ಮನೆಯವರಿಗೂ ಹೇಳಿಕಳಿಸಿ. ಪ್ರತಿ ಮನೆಗೆ ಹೋಗಿ ಕೇಳುವ ಪ್ರಶ್ನೆ “ಎಷ್ಟು ಕೊಡುತ್ತೀರಿ” ಎಂದಿರದೆ “ನಿಮ್ಮ ಮನೆಯಲ್ಲಿ ಯಾರಿಗೆ ಏನು ಬರುತ್ತದೆ” ಎಂದಿರಲಿ. ಒಬ್ಬರು ಹಾರ್ಮೋನಿಯಂ ನುಡಿಸುತ್ತಾರೆ, ಒಬ್ಬ ಅಜ್ಜಿಗೆ ಬೀಸುವ ಪದ ಬಾಯಿಪಾಠ ಇರುತ್ತದೆ, ಒಬ್ಬ ಹುಡುಗ ಶಾಲೆಯಲ್ಲಿ ಹಲಗೆ ಕಲಿತಿರುತ್ತಾನೆ, ಒಬ್ಬರ ಕೈಯ ಅಗಸಿ ಹಿಂಡಿ ಇಡೀ ಬಡಾವಣೆಯಲ್ಲಿ ಹೆಸರಾಗಿರುತ್ತದೆ. ಇದೆಲ್ಲ ಒಂದು ನೋಟುಬುಕ್ಕಿನಲ್ಲಿ ಬರಲಿ. ಕಾರ್ಯಕ್ರಮ ಪಟ್ಟಿ ಹುಟ್ಟಬೇಕಾದದ್ದು ಈ ನೋಟುಬುಕ್ಕಿನಿಂದ. ಚಂದಾ ಲೆಕ್ಕಕ್ಕೆ ಇಬ್ಬರು ಇರಲಿ, ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ.

ಜಾಗ ಮತ್ತು ಅನುಮತಿ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಾಗುತ್ತದೆ. ಮೂರು ಗಂಟೆಗೆ ಅರ್ಜಿ ಹಿಡಿದು ಹೋದರೆ ಬೀಗ ನೋಡಿ ಬರಬೇಕಾಗುತ್ತದೆ. ಬೆಳಿಗ್ಗೆ 8.30ಕ್ಕೇ ಹೋಗಿ, ಸಿಬ್ಬಂದಿಯೂ ತಂಪಾದ ಹೊತ್ತಿನಲ್ಲಿ ಸಮಾಧಾನದಿಂದ ಕೇಳುತ್ತಾರೆ.

ಉದ್ಯಾನ ಅಥವಾ ಬಡಾವಣೆಯ ಖಾಲಿ ಜಾಗವಾದರೆ ಮಹಾನಗರ ಪಾಲಿಕೆಗೆ, ಶಾಲೆಯ ಮೈದಾನವಾದರೆ ಮುಖ್ಯೋಪಾಧ್ಯಾಯರಿಗೂ ಶಿಕ್ಷಣ ಇಲಾಖೆಗೂ ಅರ್ಜಿ ಕೊಡಬೇಕು. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕೇ ಬೇಕು; ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಯಿಂದ ಶುರುಮಾಡಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಬಂದ್. ಆಸ್ಪತ್ರೆಯ 100 ಮೀಟರ್ ಸುತ್ತಳತೆಯಲ್ಲಿ ಜಾಗ ಹಿಡಿಯಲೇಬೇಡಿ. ದೊಡ್ಡ ಡಿಜೆ ಪೆಟ್ಟಿಗೆಗಳು ನಮಗೆ ಬೇಕಾಗಿಯೂ ಇಲ್ಲ. 300 ಜನರಿಗೆ ಎರಡು ಚಿಕ್ಕ ಸ್ಪೀಕರ್ ಧಾರಾಳ ಸಾಕು. ವಿದ್ಯುತ್ತಿಗೆ ಜೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಿರಿ. ಕಂಬಕ್ಕೆ ಕೊಕ್ಕೆ ಹಾಕುವ ಕೆಲಸ ಬೇಡ. ಅಲ್ಲಿ ಮಕ್ಕಳು ಓಡಾಡುತ್ತಿರುತ್ತಾರೆ.

ಜಾಗ ನೋಡುವಾಗ ತಲೆಯ ಮೇಲೆ ತಂತಿ ಹಾದುಹೋಗಿದೆಯೇ ನೋಡಿ. ಮೇ ತಿಂಗಳಲ್ಲಿ ಸಂಜೆ ಇದ್ದಕ್ಕಿದ್ದಂತೆ ಧೂಳುಗಾಳಿ ಎದ್ದು, ಗುಡುಗಿ, ನಾಲ್ಕು ಹನಿ ಉದುರಿಸಿ ಹೋಗುವುದು ಈ ಕಡೆ ಮಾಮೂಲು. ಎತ್ತರದ ಕಬ್ಬಿಣದ ವೇದಿಕೆ, ಮೂರು ಕಡೆ ಬಟ್ಟೆ ಮುಚ್ಚಿದ ಪೆಂಡಾಲ್ ಎರಡೂ ಅಪಾಯ. ಮುಚ್ಚಿದ ಪೆಂಡಾಲಿನೊಳಗೆ ಗಾಳಿ ನುಗ್ಗಿದರೆ ಅದು ಬುಡಸಹಿತ ಏಳುತ್ತದೆ. ಒಂದೂವರೆ ಅಡಿ ಎತ್ತರದ ಕಟ್ಟಿಗೆಯ ವೇದಿಕೆ, ಮೇಲೆ ತೆರೆದ ಆಕಾಶ, ಅಷ್ಟೇ ಇರಲಿ. ಸಿಡಿಲಿನ ಮುನ್ಸೂಚನೆ ಕೊಡುವ ‘ದಾಮಿನಿ’ ಆ್ಯಪ್ ಒಬ್ಬರ ಮೊಬೈಲಿನಲ್ಲಿ ತೆರೆದೇ ಇರಲಿ. ಮಳೆ ಬಂದರೆ ಸರಿಯಲು ಹತ್ತಿರದ ಸಮುದಾಯ ಭವನದ ಕೀಲಿ ಮೊದಲೇ ಕೈಯಲ್ಲಿರಬೇಕು.

ಶೌಚಾಲಯದ ವಿಷಯವನ್ನು ಸಭೆಯಲ್ಲಿ ಯಾರೂ ಎತ್ತುವುದಿಲ್ಲ. ಹೆಣ್ಣುಮಕ್ಕಳು ಎಂಟು ಗಂಟೆಗೆ ಎದ್ದು ಮನೆಗೆ ಹೋಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಮೈದಾನಕ್ಕೆ ತಾಗಿದ ಮೂರ್ನಾಲ್ಕು ಮನೆಯವರನ್ನು ಒಪ್ಪಿಸಿ, ಬಾಗಿಲಿಗೆ ಚೀಟಿ ಅಂಟಿಸಿ, ಆ ಮನೆಗಳ ಟಾಕಿಗೆ ನೀರು ತುಂಬಿಸುವ ಖರ್ಚನ್ನು ಸಮಿತಿಯೇ ಹೊರಲಿ.

ನೀರು ಮೊದಲು

ವೇದಿಕೆಗಿಂತ ಮೊದಲು ಅರವಟಿಗೆಯ ಜಾಗ ಗುರುತಿಸಿ. ನಾಲ್ಕು ತಾಸಿಗೆ ಒಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು ಎಂದು ಹಿಡಿದರೆ 300 ಜನರಿಗೆ 600 ಲೀಟರ್, ಅಂದರೆ 20 ಲೀಟರಿನ 30 ಕ್ಯಾನ್. ಕೈ ತೊಳೆಯಲು, ಪಾತ್ರೆಗೆ, ನೆಲಕ್ಕೆ ಬೇರೆ ಟ್ಯಾಂಕರ್ ಬೇಕು. ಮಜ್ಜಿಗೆಗೆ ಒಂದು ಲೀಟರ್ ಮೊಸರಿಗೆ ಮೂರು ಲೀಟರ್ ನೀರು ಬೆರೆಸಿದರೆ ಹದ; 15 ಲೀಟರ್ ಮೊಸರಿನಿಂದ 300 ಲೋಟ ಸಿಗುತ್ತದೆ. ಉಪ್ಪು, ಜೀರಿಗೆ, ಕೊತ್ತಂಬರಿ, ಕರಿಬೇವು ಹಾಕಿ. ಸಂಜೆ ನಾಲ್ಕಕ್ಕೆ ಮೈದಾನಕ್ಕೆ ನೀರು ಚಿಮುಕಿಸಿ. ಹಗಲೆಲ್ಲ ಕಾದ ನೆಲ ಒಂದೇ ಸಲಕ್ಕೆ ತಣಿಯುವುದಿಲ್ಲ, ಐದೂವರೆಗೆ ಇನ್ನೊಂದು ಸಲ ಚಿಮುಕಿಸಬೇಕು.

ಈ ಭಾಗದಲ್ಲಿ ಯುಗಾದಿಗೆ ಮಾಡುವ ‘ಬೇವು’ ಹಬ್ಬದ ಒಂದು ದಿನಕ್ಕೇ ಮುಗಿದುಹೋಗುವುದು ನನಗೆ ಸಂಕಟದ ವಿಷಯ. ಬೇಸಿಗೆಗೆ ಅದರಂಥ ಪಾನಕ ಇನ್ನೊಂದಿಲ್ಲ. ಐವತ್ತು ಲೋಟಕ್ಕೆ ಅಳತೆ ಹೀಗೆ: ಹೊಸ ಗಡಿಗೆಯನ್ನು ಹಿಂದಿನ ದಿನವೇ ನೀರಲ್ಲಿ ನೆನೆಸಿ, ತೊಳೆದು ಬೋರಲು ಹಾಕಿ. 300 ಗ್ರಾಂ ಹುಣಸೆಹಣ್ಣು ನೆನೆಸಿ ಕಿವುಚಿ ಸೋಸಿ, ಒಂದೂಕಾಲು ಕಿಲೋ ಬೆಲ್ಲ ಕರಗಿಸಿ ಇನ್ನೊಮ್ಮೆ ಸೋಸಿ. ಬೆಲ್ಲದಲ್ಲಿ ಕಸ ಇದ್ದೇ ಇರುತ್ತದೆ. ಕಾಯಿಸಿ ಆರಿಸಿದ ನೀರು ಸೇರಿಸಿ ಒಟ್ಟು ಹತ್ತು ಲೀಟರ್ ಮಾಡಿ. ಮೂರ್ನಾಲ್ಕು ಮಾವಿನಕಾಯಿ ತುರಿದು ಹಾಕಿ, ಒಣಕೊಬ್ಬರಿ ತುರಿ, ಗಸಗಸೆ, ಏಲಕ್ಕಿ, ದ್ರಾಕ್ಷಿ, ಗೋಡಂಬಿ ಹಾಕಿ. ನೆರಳಲ್ಲಿ ಒಣಗಿಸಿಟ್ಟ ಬೇವಿನ ಹೂ ಒಂದು ಚಿಟಿಕೆ ಸಾಕು. ಪುಟಾಣಿ ಹಿಟ್ಟನ್ನು ಮಾತ್ರ ಕೊಡುವ ಹೊತ್ತಿಗೆ ಬೆರೆಸಿ. ಮೊದಲೇ ಹಾಕಿದರೆ ಗಂಜಿಯಾಗುತ್ತದೆ. ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಆಡುವ ಕಡೆ ಇಡಿ. ಬೇವಿನ ಹೂ ಮಾರ್ಚ್, ಏಪ್ರಿಲ್‌ನಲ್ಲೇ ಉದುರಿಹೋಗುತ್ತದೆ. ಮೇ ತಿಂಗಳಲ್ಲಿ ಈ ಸಂಜೆ ಇಡುವುದಾದರೆ ಆಗಲೇ ಮಕ್ಕಳಿಂದ ಕೂಡಿಸಿಟ್ಟುಕೊಳ್ಳಿ.

ಊಟ: ಬೇಗ ಕೆಡದ ಅಡುಗೆಯೇ ನಮ್ಮ ಅಡುಗೆ

ಸಂಜೆ ಏಳಕ್ಕೂ ಇಲ್ಲಿ ಸೆಕೆ 35ರ ಆಸುಪಾಸಿನಲ್ಲಿರುತ್ತದೆ. 32 ಡಿಗ್ರಿ ಮೀರಿದ ಹವೆಯಲ್ಲಿ ಬೇಯಿಸಿದ ಅಡುಗೆಯನ್ನು ಹಾಗೇ ತೆರೆದು ಒಂದು ತಾಸಿಗಿಂತ ಹೆಚ್ಚು ಇಡಬಾರದು. ಇಡಬೇಕೆಂದರೆ 60 ಡಿಗ್ರಿಗಿಂತ ಬಿಸಿಯಾಗಿ, ಒಲೆಯ ಮೇಲೆಯೇ ಇರಬೇಕು. ಈ ಒಂದು ನಿಯಮ ಪಾಲಿಸಿದರೆ ಹಸಿ ಕೊಬ್ಬರಿ ಚಟ್ನಿ, ಕ್ರೀಮಿನ ಸಿಹಿ, ಬೆಳಿಗ್ಗೆಯೇ ಮಾಡಿಟ್ಟ ಪಲಾವ್ ಎಲ್ಲ ತಾನಾಗಿ ಪಟ್ಟಿಯಿಂದ ಹೊರಗೆ ಹೋಗುತ್ತವೆ. ಒಳಗೆ ಉಳಿಯುವುದು ಈ ನೆಲದ ಬಿಸಿಲು ಕಂಡೇ ಹುಟ್ಟಿದ ಅಡುಗೆ: ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳಿನ ಹಿಂಡಿ. ಇವನ್ನು ವಾರ ಮೊದಲೇ ಮಾಡಿಡಬಹುದು.

ಮಾಲದಂಡಿ ಜೋಳದ ಹಿಟ್ಟಾದರೆ ಉತ್ತಮ. ಒಂದು ಕಿಲೋ ಹಿಟ್ಟಿಗೆ 15 ರೊಟ್ಟಿ ಎಂದು ಹಿಡಿಯಿರಿ. ತಲೆಗೆ ಎರಡರಂತೆ 600 ರೊಟ್ಟಿಗೆ 40 ಕಿಲೋ. ಇದನ್ನು ಓಣಿಯ ಹೆಣ್ಣುಮಕ್ಕಳ ತಲೆಗೆ ಕಟ್ಟಬೇಡಿ. ರೊಟ್ಟಿ ಮಾಡಿ ಮಾರುವ ಸ್ವಸಹಾಯ ಸಂಘಗಳು ಕಲಬುರಗಿಯಲ್ಲಿ ಸಾಕಷ್ಟಿವೆ. ಹತ್ತು ದಿನ ಮೊದಲೇ ಮುಂಗಡ ಕೊಟ್ಟು ಹೇಳಿ. ಎಣ್ಣೆಗಾಯಿಗೆ ಎಳೆಯ ಬದನೆಕಾಯಿ 25 ಕಿಲೋ, ಬೇಳೆಗೆ ತೊಗರಿ 12 ಕಿಲೋ, ಅನ್ನಕ್ಕೆ ಅಕ್ಕಿ 18 ಕಿಲೋ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ತೊಗರಿ ನಮ್ಮ ಹೊಲದ್ದು. ಮಾಲ್‌ಗೆ ಹೋಗಿ ಬೇರೆ ಊರಿನ ಬೇಳೆ ತರಬೇಡಿ. ಪುಂಡಿ ಪಲ್ಯಕ್ಕೆ ತೊಗರಿ ಬೇಳೆ, ಜೋಳದ ನುಚ್ಚು ಹಾಕಿ ಸ್ಟೀಲ್ ಪಾತ್ರೆಯಲ್ಲೇ ಬೇಯಿಸಿ; ಪುಂಡಿಯ ಹುಳಿಗೆ ಅಲ್ಯೂಮಿನಿಯಂ ಆಗಿಬರುವುದಿಲ್ಲ. ಸುಸಲಾ, ಮಿರ್ಚಿ ಭಜಿಯನ್ನು ಅಲ್ಲೇ, ಸ್ವಲ್ಪ ಸ್ವಲ್ಪವಾಗಿ ಮಾಡುತ್ತಿರಬೇಕು. ಭಜಿಯ ಬಾಣಲೆಯ ಸುತ್ತ ಹಗ್ಗ ಕಟ್ಟಿ, ಮಕ್ಕಳು ಹತ್ತಿರ ಸುಳಿಯದಂತೆ ಒಬ್ಬರು ನಿಲ್ಲಲಿ. ಹೊರಗಿನ ಅಂಗಡಿಯವರನ್ನು ಕರೆದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಇದೆಯೇ ಎಂದು ಕೇಳಿ.

ಇದರ ಜೊತೆಗೆ ಎರಡು ಒಲೆ ಹೂಡಿ ಬಿಸಿ ರೊಟ್ಟಿ ಬಡಿಯುವ ಜಾಗ ಇರಲಿ. ಇಡೀ ಸಂಜೆಯ ಅತಿ ದೊಡ್ಡ ಆಕರ್ಷಣೆ ಅದೇ ಆಗುತ್ತದೆ ಎಂದು ಖಾತ್ರಿ ಕೊಡುತ್ತೇನೆ. ಹಿಟ್ಟು ನಾದುವ ಕೊಮ್ಮಣಿಗೆಯಲ್ಲಿ ಹಿಟ್ಟು ಗುಡ್ಡೆ ಹಾಕಿ, ನಡುವೆ ಕುಳಿ ಮಾಡಿ, ಕುದಿಯುವ ನೀರು ಹೊಯ್ದು ಕಲಸಿ, ಅಂಗೈಯಿಂದ ಒತ್ತಿ ಒತ್ತಿ ನಾದುವುದು. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಬಡಿಯುತ್ತಿದ್ದಂತೆ ಅದು ತಾನೇ ತಿರುಗುತ್ತ ಅಗಲವಾಗುವುದು. ಹೆಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುವುದು. ನೀರು ಆರುತ್ತಿದ್ದಂತೆ ಮಗುಚಿ, ಕೆಂಡದ ಮಗ್ಗುಲಿಗೆ ಒರಗಿಸಿದಾಗ ರೊಟ್ಟಿ ಉಸಿರು ತುಂಬಿ ಉಬ್ಬುವುದು. ಪಟ್ಟಣದಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಇದನ್ನು ಹತ್ತಿರದಿಂದ ನೋಡಿಯೇ ಇಲ್ಲ. ಒಂದೊಂದು ಉಂಡೆ ಅವರ ಕೈಗೂ ಕೊಡಿ, ಹುಡುಗರಿಗೂ ಕೊಡಿ. ಸೊಟ್ಟ ರೊಟ್ಟಿಯನ್ನು ಅವರೇ ಬೆಣ್ಣೆ ಹಚ್ಚಿಕೊಂಡು ತಿನ್ನಲಿ.

ಒಲೆಯ ಮುಂದೆ ಕೂತವರನ್ನು ಮುಕ್ಕಾಲು ತಾಸಿಗೊಮ್ಮೆ ಬದಲಿಸಲೇಬೇಕು. ಎಷ್ಟು ಕಾರ್ಯಕ್ರಮಗಳಲ್ಲಿ ಹಾಡಿನ ಒಂದು ನುಡಿಯೂ ಕಿವಿಗೆ ಬೀಳದೆ ಹೆಣ್ಣುಮಕ್ಕಳು ಹೊಗೆಯಲ್ಲೇ ಸಂಜೆ ಕಳೆಯುತ್ತಾರೆ! ಬಡಿಸುವುದು, ನೀರು ಹೊರುವುದು, ಪಾತ್ರೆ ತೊಳೆಯುವುದು ಗಂಡಸರ ಪಾಲಿಗೆ ಬರೆದಿಡಿ, ಹೆಸರು ಹಾಕಿ ಹಲಗೆಯ ಮೇಲೆ ಬರೆದಿಡಿ.

ಮಾಂಸದಡುಗೆಯ ಮಾತು ಬಂದೇ ಬರುತ್ತದೆ. ಅದನ್ನು ಮೊದಲ ಸಭೆಯಲ್ಲೇ, ಎಲ್ಲರ ಎದುರಿಗೇ ತೀರ್ಮಾನಿಸಿ. ಎರಡು ಮೂಲೆಗಳಲ್ಲಿ ಬೇರೆ ಬೇರೆ ಒಲೆ, ಬೇರೆ ಸೌಟು, ದೊಡ್ಡ ಅಕ್ಷರದ ಫಲಕ ಇಟ್ಟು ಎರಡೂ ಮಾಡಬಹುದು. ಪಂಕ್ತಿಯ ಊಟ ಸಸ್ಯಾಹಾರವಾಗಿರಲಿ ಎಂದು ಎಲ್ಲರೂ ಒಪ್ಪಿದರೆ ಅದೂ ಸರಿ. ಸಿಹಿಯಲ್ಲಿ ತಕರಾರಿಲ್ಲ: ಒಂದು ಕಡೆ ಗೋಧಿ ಹುಗ್ಗಿ, ಇನ್ನೊಂದು ಕಡೆ ಡಬಲ್ ಕಾ ಮೀಠಾ. ಎರಡಕ್ಕೂ ಸಾಲು ನಿಲ್ಲುತ್ತದೆ. ಊಟ ನೆಲದ ಮೇಲೆ ಪಂಕ್ತಿಯಲ್ಲೇ ಆಗಲಿ. ಮಹಾದಾಸೋಹಿ ಶರಣಬಸವೇಶ್ವರರ ಊರಿನಲ್ಲಿ ಪ್ಲಾಸ್ಟಿಕ್ ತಟ್ಟೆ ಹಿಡಿದು ನಿಂತು ಉಣ್ಣುವುದು ಒಪ್ಪುವ ಮಾತಲ್ಲ. ಮೊಣಕಾಲು ನೋವಿನವರಿಗೆ ಬೆಂಚು, ಉಳಿದವರಿಗೆ ಜಮಖಾನ, ಮುಂದೆ ಮುತ್ತುಗದ ಎಲೆಯ ಪತ್ರಾವಳಿ.

ಹಾಡು ಮತ್ತು ಕೈಕೆಲಸ

ನೋಟುಬುಕ್ಕಿನಲ್ಲಿ ಬಂದ ಹೆಸರುಗಳಿಂದಲೇ ಶುರುಮಾಡಿ, ಉಳಿದ ಜಾಗಕ್ಕೆ ಹೊರಗಿನ ಕಲಾವಿದರನ್ನು ಕರೆಯಿರಿ. ತತ್ವಪದ ಇರಲೇಬೇಕು ಎಂಬುದು ನನ್ನ ಹಟ. ತತ್ವಪದಗಳನ್ನು ಕಟ್ಟಿ ಹಾಡಿದ ಕಡಕೋಳ ಮಡಿವಾಳಪ್ಪನವರ ನಾಡಿದು. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರೂ ಇದ್ದರು. ಏಕತಾರಿ, ದಮ್ಮಡಿ ಹಿಡಿದು ಈ ಪದ ಹಾಡುವ ಭಜನಾ ಮಂಡಳಿಗಳು ಸುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಇವೆ. ವಚನ ಗಾಯನ, ಮೊಹರಂ ಪದ, ಲಂಬಾಣಿ ತಾಂಡಾದ ಹಾಡು ಕುಣಿತ, ಕವ್ವಾಲಿ, ಹಲಗೆ, ಎಲ್ಲಕ್ಕೂ ಈ ಊರಲ್ಲಿ ಜನ ಇದ್ದಾರೆ. ಎಲ್ಲವನ್ನೂ ಒಂದೇ ಸಂಜೆ ತುಂಬಬೇಡಿ. ಮೂರು ತಂಡ ಸಾಕು, ತಂಡಕ್ಕೆ 25 ನಿಮಿಷ ಬಿಡಿ. ಐದು ನಿಮಿಷಕ್ಕೆ ತತ್ವಪದದವರನ್ನು ಎಬ್ಬಿಸುವುದು ಅವಮಾನ. ಪದ ಏರುವುದೇ ಎರಡನೇ ನುಡಿಯಿಂದ. ಕಲಾವಿದರ ಸಂಭಾವನೆ, ಹೋಗಿಬರುವ ಖರ್ಚು ಮೊದಲೇ ಮಾತಾಡಿ, ಅಂದು ರಾತ್ರಿಯೇ ಕೈಗೆ ಕೊಡಿ. ಶಾಲು, ಹಾರದಿಂದ ಬಸ್ ಚಾರ್ಜು ಹುಟ್ಟುವುದಿಲ್ಲ.

ಬೀಸುವ ಪದಕ್ಕೆ ನಿಜವಾದ ಬೀಸುವ ಕಲ್ಲನ್ನೇ ತಂದಿಡಿ. ಕಲ್ಲು ತಿರುಗಿದರೇ ಅಜ್ಜಿಗೆ ಪದ ನೆನಪಾಗುವುದು. ಮೈಕಿನ ಮುಂದೆ ನಿಲ್ಲಿಸಿದರೆ ಅವರ ದನಿ ಹೂತುಹೋಗುತ್ತದೆ. ಒಂದು ಚಿಕ್ಕ ಮೈಕನ್ನು ಕಲ್ಲಿನ ಪಕ್ಕದಲ್ಲಿ ನೆಲಕ್ಕೇ ಇಡಿ, ಮೊಮ್ಮಗಳು ಎದುರಿಗೆ ಕೂತು ಗೂಟ ಹಿಡಿಯಲಿ, ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ.

ಕೈಕೆಲಸಕ್ಕೆ ನಾನು ಹೇಳುವುದು ಕೌದಿ. ಹಬ್ಬಕ್ಕೆ ಮೂರು ವಾರ ಮೊದಲು ಪ್ರತಿ ಮನೆಯಿಂದ ಒಂದು ಹಳೆ ಬಟ್ಟೆಯ ತುಂಡು ಕೂಡಿಸಿ: ಸೀರೆ, ಲುಂಗಿ, ಶಾಲೆಯ ಸಮವಸ್ತ್ರ, ದುಪಟ್ಟಾ, ಏನಾದರೂ ಆದೀತು. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ, ಬಿಸಿಲು ಏರುವ ಮೊದಲು, ಯಾರದಾದರೂ ಪಡಸಾಲೆಯಲ್ಲಿ ಹೊಲಿಗೆ. ಅದೇ ಹೊತ್ತಿಗೆ ಮಾಳಿಗೆಯ ಮೇಲೆ ಹಪ್ಪಳ, ಶಾವಿಗೆ ಒಣಹಾಕಿದರೆ ಬೇಸಿಗೆಯ ಕೆಲಸವೂ ಆಯಿತು. ಹಬ್ಬದ ಸಂಜೆ ಕೊನೆಯ ಅಂಚಿನ ಹೊಲಿಗೆಯನ್ನು ಎಲ್ಲರ ಎದುರು ಹಾಕಿ. ಬಂದವರೆಲ್ಲ ಒಂದೊಂದು ಹೊಲಿಗೆ ಹಾಕಲಿ.

ಮಕ್ಕಳ ಚಿತ್ರಕಲೆಗೆ ‘ಪರಿಸರ ಉಳಿಸಿ’ ಎಂಬ ವಿಷಯ ಕೊಟ್ಟು ಸ್ಪರ್ಧೆ ಇಡುವ ಬದಲು ಬಿದರಿ ಇಡಿ. ಬೀದರ್ ಇಲ್ಲಿಂದ ದೂರವಿಲ್ಲ. ಸತು, ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯ ಎಳೆ ಕೂರಿಸಿ, ಬೀದರ್ ಕೋಟೆಯ ಮಣ್ಣು ಬೆರೆಸಿದ ನವಸಾಗರದ ದ್ರಾವಣದಲ್ಲಿ ಅದ್ದಿದರೆ ಲೋಹ ಮಾತ್ರ ಕಪ್ಪಾಗಿ ಬೆಳ್ಳಿ ಹಾಗೇ ಹೊಳೆಯುತ್ತದೆ. ಒಬ್ಬ ಬಿದರಿ ಕುಶಲಕರ್ಮಿ ಕೂತು ಉಳಿ ಹಿಡಿದು ಕೆತ್ತುವುದನ್ನು ಮಕ್ಕಳು ಸುತ್ತುಗಟ್ಟಿ ನೋಡಲಿ, ಆಮೇಲೆ ಕಪ್ಪು ಹಾಳೆಯ ಮೇಲೆ ಬಿಳಿ ಬಣ್ಣದಲ್ಲಿ ತಮ್ಮದೇ ಬಳ್ಳಿ, ಹೂ ಬರೆಯಲಿ. ಪೌರಾಣಿಕ ಚಿತ್ರಗಳಿಂದ ದೇಶಕ್ಕೆಲ್ಲ ಹೆಸರಾದ ಎಸ್.ಎಂ. ಪಂಡಿತರು 1916ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ನಗರದ ರಂಗಮಂದಿರಕ್ಕೆ ಯಾರ ಹೆಸರಿದೆ, ಅವರು ಯಾರು ಎಂದು ಮಕ್ಕಳಿಗೆ ಹೇಳಲು ಇದೇ ಸಮಯ. ಬಹುಮಾನ ಬೇಡ. ಎಲ್ಲ ಹಾಳೆಗಳನ್ನೂ ಹಗ್ಗಕ್ಕೆ ತೂಗುಹಾಕಿ.

ಆಟಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಲಗೋರಿ, ಚಿಣ್ಣಿದಾಂಡು, ಬುಗುರಿ, ಕುಂಟೆಬಿಲ್ಲೆ, ನೆಲದ ಮೇಲೆ ಸುಣ್ಣದಲ್ಲಿ ಬರೆದ ಚೌಕಾಬಾರ. ಅಪ್ಪ, ಮಗಳು ಒಂದು ತಂಡ, ಅಜ್ಜ, ಮೊಮ್ಮಗ ಒಂದು ತಂಡ ಎಂದು ಮಾಡಿದರೆ ಸಾಕು. ಚಿಣ್ಣಿದಾಂಡಿಗೆ ಜನರಿಂದ ದೂರ ಜಾಗ ಬೇಕು. ಚಿಣ್ಣಿ ಕಣ್ಣಿಗೆ ಬಿದ್ದೀತು.

ಆ ಸಂಜೆಯ ಹೊತ್ತು

ಆರಕ್ಕೆ ರಂಗೋಲಿ, ಆಟ, ಬಿದರಿ ಚಿತ್ರ. ಮೇ ತಿಂಗಳಲ್ಲಿ ಸೂರ್ಯ ಮುಳುಗುವುದು ಆರೂ ಮುಕ್ಕಾಲರ ಸುಮಾರಿಗೆ. ಆ ಹೊತ್ತಿಗೆ ಆಜಾನ್ ಆಗುತ್ತದೆ, ಗುಡಿಯಲ್ಲಿ ಗಂಟೆ ಬಾರಿಸುತ್ತದೆ. ಕಾಲು ತಾಸು ಮೈಕ್ ಮುಚ್ಚಿ, ಮಜ್ಜಿಗೆ ಹಂಚಿ. ಏಳಕ್ಕೆ ಓಣಿಯವರ ಹಾಡು, ಏಳೂವರೆಗೆ ಮೊದಲ ತಂಡ. ಸ್ವಾಗತ ಎರಡು ನಿಮಿಷ, ಅತಿಥಿ ಭಾಷಣ ಇಲ್ಲ. ಜನಪ್ರತಿನಿಧಿಗಳು ಬಂದರೆ ಪಂಕ್ತಿಯಲ್ಲಿ ಕೂರಿಸಿ ರೊಟ್ಟಿ ಬಡಿಸಿ. ಎಂಟಕ್ಕೆ ಮಕ್ಕಳು, ವಯಸ್ಸಾದವರ ಪಂಕ್ತಿ, ಎಂಟೂವರೆಗೆ ಉಳಿದವರದು. ತತ್ವಪದ ಕೊನೆಗಿರಲಿ, ಉಂಡು ಕೂತ ಜನ ಅಲ್ಲಾಡುವುದಿಲ್ಲ. ಒಂಬತ್ತೂ ಮುಕ್ಕಾಲಿಗೆ ಮೈಕ್ ಬಂದ್.

ಒಂದು ಮೂಲೆಯಲ್ಲಿ ಮಂಚ, ಫ್ಯಾನ್, ಓಆರ್‌ಎಸ್ ಪೊಟ್ಟಣ, ಮಂಜುಗಡ್ಡೆ ಇರಲಿ. ಯಾರಿಗಾದರೂ ಮೈ ಕಾದು, ಮಾತು ತೊದಲಿ, ಗಲಿಬಿಲಿಯಾದರೆ ಅದು ಬಿಸಿಲಾಘಾತ. ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಮರುದಿನ

ಭಾನುವಾರ ಬೆಳಿಗ್ಗೆ ಆರರಿಂದ ಎಂಟರೊಳಗೆ ಮೈದಾನ ಗುಡಿಸಿ ಮುಗಿಸಿ. ಆಮೇಲೆ ಬಿಸಿಲು ನಿಲ್ಲಗೊಡುವುದಿಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಿ ಪಾಲಿಕೆಯ ಗಾಡಿಗೆ ಕೊಡಿ. ಉಳಿದ ಖಡಕ್ ರೊಟ್ಟಿಯನ್ನು ಒಣ ಡಬ್ಬಿಯಲ್ಲಿಟ್ಟು ಹಂಚಿ. ಅನ್ನ, ಪಲ್ಯ ಉಳಿದಿದ್ದರೆ ಯಾರಿಗೂ ಕೊಡಬೇಡಿ, ರಾತ್ರಿಯೇ ಕೆಟ್ಟಿರುತ್ತದೆ. ಕೌದಿಯನ್ನು ಓಣಿಯ ಅಂಗನವಾಡಿಗೆ ಕೊಡುವುದೋ, ಮುಂದಿನ ಬಾಣಂತಿಯ ಮನೆಗೆ ಕೊಡುವುದೋ, ಹೊಲಿದವರೇ ತೀರ್ಮಾನಿಸಲಿ. ಮೂರು ದಿನದೊಳಗೆ ಜಮಾಖರ್ಚಿನ ಹಾಳೆಯನ್ನು, ಯಾವ ಮನೆಯವರು ಎಷ್ಟು ಕೊಟ್ಟರು ಎಂಬ ಹೆಸರಿಲ್ಲದೆ, ಬರೀ ಒಟ್ಟು ಮೊತ್ತ ಮತ್ತು ಖರ್ಚಿನ ಬಾಬತ್ತುಗಳೊಂದಿಗೆ ಬೇವಿನ ಗಿಡದ ಹತ್ತಿರದ ಗೋಡೆಗೆ ಅಂಟಿಸಿ. ಯಾರಿಗೆ ಏನು ಬರುತ್ತದೆ ಎಂದು ಬರೆದುಕೊಂಡ ನೋಟುಬುಕ್ಕನ್ನು ಮುಂದಿನ ವರ್ಷ ಹೊಣೆ ಹೊರುವವರ ಕೈಗೆ ಆ ವಾರವೇ ದಾಟಿಸಿ, ಈ ಸಲ ಕರೆಯಲು ಬಿಟ್ಟುಹೋದ ಮನೆಗಳ ಹೆಸರನ್ನು ಅದರ ಮೊದಲ ಪುಟದಲ್ಲೇ ಬರೆಯಿರಿ.